ತಿಂಗಳ ಪಗಾರದ ಕ್ಯಾಮೆರಾ

ಆಷಾಢದ ಒಂದು ಮಧ್ಯಾಹ್ನ. ಹೊರಗೆ ಜಿಟಿಜಿಟಿ ಮಳೆ. ಕಾಲೇಜಿನಿಂದ ಬಂದು ಆಗ ತಾನೆ ಕುಳಿತಿದ್ದೆ. ನಾಲ್ಕಾರು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಓದಿ ಪದವಿ ಮುಗಿಸಿದ್ದ ಮೇಲವಂಕಿಯ ತರುಣನೊಬ್ಬ ಬಾಗಿಲಲ್ಲಿ ಬಂದು ನಿಂತ. ರೇನ್‌ಕೋಟನ್ನು ಹೆಗಲ ಮೇಲಿನ ಕ್ಯಾಮೆರಾ ಚೀಲಕ್ಕೆ ಹೊದಿಸಿ ತಾನು ಮಾತ್ರ ಪೂರ್ತಿ ತೊಯ್ದುಹೋಗಿದ್ದ.

“ಸರ್, ಲಗ್ನದ ಸೀಜನ್ ಮುಗೀತ್ರಿ. ಇನ್ನ ಶ್ರಾವಣದ ತನಕಾ ಕೈ ಖಾಲಿ. ತಿಂಗಳಾ ಪಗಾರ ಬರೋ ವಿಡಿಯೋಗ್ರಾಫರ್ ನೌಕರಿ ಹಿಡೀಬೇಕಂದ್ರ ಏನ್ ಮಾಡ್ಬೇಕ್ರಿ?”

ಕನ್ನಡ ಪಾಠ ಹೇಳುವವನಿಗೆ ಇದು ಕೇಳತಕ್ಕ ಪ್ರಶ್ನೆಯಲ್ಲ. ಆದರೆ ಅವನ ಕಷ್ಟ ನನಗೆ ತಿಳಿದಿತ್ತು. ತಾಯಿಯ ಬಂಗಾರವನ್ನು ಒತ್ತೆಯಿಟ್ಟು ಅವನು ಆ ಕ್ಯಾಮೆರಾ ಕೊಂಡಿದ್ದ. ಗೋಕಾಕದಿಂದ ಹುಕ್ಕೇರಿಯವರೆಗೆ ನೂರಾರು ಮದುವೆಗಳಲ್ಲಿ, ಅಕ್ಕಿಕಾಳು ಬೀಳುವ ಹೊತ್ತನ್ನು ಒಂದು ಸಲವೂ ತಪ್ಪಿಸದೆ ಚಿತ್ರಿಸಿದ್ದ. ಅಂಥವನ ಮದುವೆಯ ಮಾತು ಬಂದಾಗ ಮಾತ್ರ ಹೆಣ್ಣಿನ ಕಡೆಯವರು, “ಹುಡುಗನ ಪಗಾರ ಎಷ್ಟು?” ಎಂದು ಕೇಳಿ ಎದ್ದುಹೋಗುತ್ತಿದ್ದರು.

ಅದಕ್ಕೂ ಮೊದಲು ಅವನು ಒಂದು ಸಂದರ್ಶನಕ್ಕೆ ಹೋಗಿ ಬಂದಿದ್ದನಂತೆ. ಮೂರು ತಾಸಿನ ಮದುವೆಯ ಚಿತ್ರವನ್ನು ಒಯ್ದಿದ್ದ. ಅಲ್ಲಿದ್ದವರು ಎರಡು ನಿಮಿಷ ನೋಡಿ, “ಇದರಲ್ಲಿ ನೀವು ತೆಗೆದದ್ದು ಯಾವುದು?” ಎಂದು ಕೇಳಿದರು. ಆ ಮದುವೆಗೆ ಮೂರು ಕ್ಯಾಮೆರಾಗಳಿದ್ದವು. ಇವನಿಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ನೌಕರಿ ಕೈತಪ್ಪಿತು.

ನನಗನಿಸಿತು, ಆ ಪ್ರಶ್ನೆಯಲ್ಲೇ ಅವನ ಪ್ರಶ್ನೆಗೆ ಉತ್ತರವೂ ಅಡಗಿದೆ ಎಂದು. ಅಂದು ನಾನು ಅವನಿಗೆ ಹೇಳಿದ್ದು ಮೈಸೂರಿನ ವಿ. ಕೆ. ಮೂರ್ತಿಯವರ ಕಥೆಯನ್ನು.

ಒಂದು ಕನ್ನಡಿ, ಒಂದು ಅವಕಾಶ

1923ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಮೂರ್ತಿಯವರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು 1946ರಲ್ಲಿ ಡಿಪ್ಲೊಮಾ ಪಡೆದರು. ಆದರೆ ಡಿಪ್ಲೊಮಾ ಬಂದೊಡನೆ ಕ್ಯಾಮೆರಾ ಕೈಗೆ ಬರಲಿಲ್ಲ. ಮುಂಬಯಿಯಲ್ಲಿ ವರ್ಷಗಟ್ಟಲೆ ಸಹಾಯಕರಾಗಿಯೇ ದುಡಿದರು. 1951ರ ‘ಬಾಜಿ’ ಚಿತ್ರಕ್ಕೆ ಛಾಯಾಗ್ರಾಹಕರು ವಿ. ರಾತ್ರ, ಮೂರ್ತಿ ಅವರ ಸಹಾಯಕರು, ನಿರ್ದೇಶಕ ಗುರುದತ್ತರಿಗೆ ಅದು ಮೊದಲ ಚಿತ್ರ.

ಒಂದು ಹಾಡಿನ ಚಿತ್ರೀಕರಣದ ವೇಳೆ ಮೂರ್ತಿಯವರು, ಕನ್ನಡಿಯಲ್ಲಿಯ ಪ್ರತಿಬಿಂಬವನ್ನು ಹಿಡಿದು ಕ್ಯಾಮೆರಾ ಚಲಿಸುತ್ತ ಸಾಗುವ ಒಂದು ಕಠಿಣ ದೃಶ್ಯವನ್ನು ಸೂಚಿಸಿದರು. ತಮ್ಮ ಹಿರಿಯರ ಅನುಮತಿಯನ್ನು ಕೇಳಿ ಪಡೆದು ತಾವೇ ಕ್ಯಾಮೆರಾ ನಡೆಸಿ ಅದನ್ನು ಸಾಧಿಸಿದರು. ಗುರುದತ್ತರು ಮೆಚ್ಚಿದರು. ಮರುವರ್ಷ, 1952ರಲ್ಲಿ ಬಂದ ‘ಜಾಲ್’ ಚಿತ್ರಕ್ಕೆ ಮೂರ್ತಿಯವರೇ ಛಾಯಾಗ್ರಾಹಕರು. ‘ಪ್ಯಾಸಾ’ (1957), ‘ಕಾಗಜ್ ಕೆ ಫೂಲ್’ (1959), ‘ಸಾಹಿಬ್ ಬೀಬಿ ಔರ್ ಗುಲಾಮ್’ (1962) ಎಲ್ಲವೂ ಆ ಒಂದು ದಿನದ ಬೆನ್ನಿಗೆ ಬಂದವು. ಮುಂದೆ 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಗೌರವ ದೊರೆತದ್ದು ಅದೇ ಮೊದಲು.

ಅಂದು ಮೂರ್ತಿಯವರ ಅರ್ಜಿಯನ್ನು ಯಾರೂ ಓದಲಿಲ್ಲ, ಅವರ ಕೆಲಸವನ್ನು ಕಣ್ಣಾರೆ ಕಂಡರು. ಈ ಕಸುಬಿನಲ್ಲಿ ನೌಕರಿ ಸಿಗುವ ದಾರಿ ಇಂದಿಗೂ ಅದೇ ಆಗಿದೆ.

ಎರಡು ನಿಮಿಷದ ಅರ್ಜಿ

ಆ ಸಂಜೆಯೇ, ವಾರ್ತಾವಾಹಿನಿಯೊಂದರ ಕ್ಯಾಮೆರಾ ವಿಭಾಗದಲ್ಲಿರುವ ನನ್ನ ಹಳೆಯ ಸಹಪಾಠಿಯೊಬ್ಬರನ್ನು ದೂರವಾಣಿಯಲ್ಲಿ ವಿಚಾರಿಸಿದೆವು. ಅವರೆಂದರು: “ಮದುವೆಯ ಚಿತ್ರವನ್ನು ಆ ಮನೆಯವರು ಮಮತೆಯಿಂದ ನೋಡುತ್ತಾರೆ. ನಮಗೆ ಆ ಮಮತೆಯಿಲ್ಲ. ಎರಡು ನಿಮಿಷದಲ್ಲಿ ಏನಾದರೊಂದು ಕೆಲಸ ಆರಂಭದಿಂದ ಕೊನೆಯವರೆಗೆ ಅರ್ಥವಾಗುವಂತೆ ತೋರಿಸಲಿ. ತೆಗೆದದ್ದೂ ಜೋಡಿಸಿದ್ದೂ ಅವನೊಬ್ಬನೇ ಆಗಿರಲಿ.”

ವಿಷಯವನ್ನು ಹುಡುಕಿಕೊಂಡು ದೂರ ಹೋಗಬೇಕೆ? ಗೋಕಾಕದ ಕರದಂಟು ಇಲ್ಲವೆ? ಅಂಟು ಕಾದ ತುಪ್ಪಕ್ಕೆ ಬಿದ್ದು ಹೂವಿನಂತೆ ಅರಳುವ ಕ್ಷಣ, ಬೆಲ್ಲದ ಪಾಕ ಎಳೆಯಾಗುವ ಹದ, ಒಣಕೊಬ್ಬರಿ ಉತ್ತತ್ತಿಗಳನ್ನು ಬೆರೆಸುವ ಕೈ, ಅದನ್ನು ಗಮನಿಸುವ ಮುದುಕರ ಮುಖ ಎಲ್ಲವೂ ಚಿತ್ರಕ್ಕೆ ಒದಗುವಂಥವೇ. ಮೊದಲು ಇಡೀ ಭಟ್ಟಿ ಕಾಣುವ ದೂರನೋಟ, ಬಳಿಕ ಕೆಲಸಗಾರರ ಮಧ್ಯನೋಟ, ಆಮೇಲೆ ಕೈಗಳ ಸಮೀಪನೋಟ. ಪ್ರತಿ ನೋಟವನ್ನೂ ಅಲುಗಾಡದೆ ಹತ್ತು ಸೆಕೆಂಡಾದರೂ ಹಿಡಿಯಬೇಕು. ಇಲ್ಲವಾದರೆ ಜೋಡಿಸುವಾಗ ಕಣ್ಣೀರು ಬರುತ್ತದೆ. ಮರದ ಗೊಂಬೆ ಮಾಡುವವರ ಅಂಗಳವೂ ಒಳ್ಳೆಯ ವಿಷಯವೇ. ಇರುಳಿಡೀ ನಡೆಯುವ ಶ್ರೀಕೃಷ್ಣಪಾರಿಜಾತದ ಆಟದಲ್ಲಿ ಕಡಿಮೆ ಬೆಳಕಿನ ಅಭ್ಯಾಸವಾಗುತ್ತದೆ.

ಯಂತ್ರದ ವಿಷಯವನ್ನೂ ಸಹಪಾಠಿ ಬಿಡಿಸಿ ಹೇಳಿದರು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಆದುದರಿಂದ ಸೆಕೆಂಡಿಗೆ 25 ಚೌಕಟ್ಟು, ಸೆಕೆಂಡಿನ 50ರಲ್ಲಿ ಒಂದು ಭಾಗದ ಶಟರ್ ವೇಗ ಇಟ್ಟುಕೊಂಡರೆ ಟ್ಯೂಬ್‌ಲೈಟಿನ ಕೆಳಗೆ ಚಿತ್ರ ಮಿನುಗುವುದು ತಪ್ಪುತ್ತದೆ. ಮುಖದ ಚಿತ್ರ ಸ್ವಲ್ಪ ಮಂಕಾದರೂ ನೋಡುಗರು ಕ್ಷಮಿಸಿಯಾರು, ಮಾತು ಕೇಳಿಸದಿದ್ದರೆ ಕ್ಷಮಿಸಲಾರರು. ಅದಕ್ಕಾಗಿ ಡ್ರೋನ್ ಕೊಳ್ಳುವ ಮೊದಲು ಕಾಲರಿಗೆ ಸಿಕ್ಕಿಸುವ ಒಳ್ಳೆಯ ಮೈಕು ಕೊಳ್ಳಬೇಕು. ತೆಗೆದದ್ದನ್ನು ಅಂದೇ ಎರಡು ಕಡೆ ಉಳಿಸಿಡಬೇಕು.

ಬೆಳಕಿನ ಮಾತಂತೂ ಹಣದ ಮಾತಲ್ಲ. ‘ಕಾಗಜ್ ಕೆ ಫೂಲ್’ ಚಿತ್ರದ ಪ್ರಸಿದ್ಧ ಬೆಳಕಿನ ಕೋಲನ್ನು ಮೂರ್ತಿಯವರು ತಂದದ್ದು ದೊಡ್ಡ ದೀಪದಿಂದಲ್ಲ. ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಸ್ಟುಡಿಯೋದ ಒಳಕ್ಕೆ ತಿರುಗಿಸಿ. ಬಿಸಿಲಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲವಷ್ಟೆ!

ಎಲ್ಲಿ ಕೇಳುವುದು, ಏನು ಕೇಳುವುದು

ಪೂರ್ಣಾವಧಿಯ ಹುದ್ದೆ ಎಂದರೆ ವಾರ್ತಾವಾಹಿನಿಯೊಂದೇ ಎಂಬ ಭ್ರಮೆ ಬೇಡ. ಪಾಠಗಳನ್ನು ಚಿತ್ರಿಸುವ ವಿದ್ಯಾಸಂಸ್ಥೆಗಳಿವೆ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅದಕ್ಕೆಂದೇ ಶೈಕ್ಷಣಿಕ ಬಹುಮಾಧ್ಯಮ ಸಂಶೋಧನ ಕೇಂದ್ರವಿದೆ. ಆಸ್ಪತ್ರೆಗಳು, ಮಠಗಳು, ಜಾಹೀರಾತು ಕಂಪನಿಗಳು ಕೂಡ ಈ ಕೆಲಸದವರನ್ನು ಇಟ್ಟುಕೊಳ್ಳುತ್ತವೆ. ಕ್ರಮವಾಗಿ ಕಲಿಯಬೇಕೆನ್ನುವವರಿಗೆ, ಮೂರ್ತಿಯವರು ಓದಿದ ಆ ಪಾಲಿಟೆಕ್ನಿಕ್ಕಿನ ವಿಭಾಗವೇ ಬೆಳೆದು ಹೆಸರಘಟ್ಟದ ಸರಕಾರಿ ಚಲನಚಿತ್ರ ಸಂಸ್ಥೆಯಾಗಿದೆ. ಪುಣೆಯ ಸಂಸ್ಥೆ 1960ರಿಂದ ಇದೆ. ಪದವೀಧರರು ಪ್ರವೇಶಪರೀಕ್ಷೆ ಬರೆದು ಅಲ್ಲಿ ಸೇರಬಹುದು.

ನೌಕರಿ ಕೊಡುವವರು ಕೇಳುವಂತೆ ನಾವೂ ಕೇಳಬೇಕು. ಕ್ಯಾಮೆರಾ ಯಾರದು? ನಮ್ಮದಾದರೆ ಅದರ ಸವಕಳಿಗೆ ಬಾಡಿಗೆಯುಂಟೆ? ಪರೀಕ್ಷಾವಧಿ ಎಷ್ಟು ತಿಂಗಳು? ನೇಮಕದ ಪತ್ರ ಕೈಗೆ ಯಾವಾಗ? ಇಪ್ಪತ್ತು ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆ ಭವಿಷ್ಯನಿಧಿಯ ವ್ಯವಸ್ಥೆ ಮಾಡಬೇಕೆಂಬುದು ಕಾನೂನು. “ಪೂರ್ಣಾವಧಿ” ಎಂದು ಬಾಯಲ್ಲಿ ಹೇಳಿ ದಿನಗೂಲಿ ಕೊಡುವವರಿದ್ದಾರೆ. ಸಂಕೋಚದಿಂದ ಸುಮ್ಮನಿದ್ದರೆ ಆಮೇಲೆ ಪಡುವ ಪಶ್ಚಾತ್ತಾಪಕ್ಕೆ ಕೊನೆಯಿಲ್ಲ.

ಅವನು ಕರದಂಟಿನ ಚಿತ್ರವನ್ನು ಮೂರು ಸಲ ತೆಗೆದ. ಮೊದಲನೆಯದರಲ್ಲಿ ಭಟ್ಟಿಯ ಹೊಗೆಯೇ ಹೊಗೆ. ಎರಡನೆಯದರಲ್ಲಿ ರಸ್ತೆಯ ಲಾರಿಗಳ ಸದ್ದು ಮುದುಕರ ಮಾತನ್ನು ನುಂಗಿತ್ತು. ಮೂರನೆಯದು ಎರಡು ನಿಮಿಷ ಹತ್ತು ಸೆಕೆಂಡು. ಅಂಟು ಅರಳುವ ಕ್ಷಣ ಬಂದಾಗ, ನೂರು ಸಲ ಕರದಂಟು ತಿಂದ ನಾನೂ ಅದನ್ನು ಹೊಸದಾಗಿ ನೋಡಿದೆ.

ಅದನ್ನು ಹಿಡಿದುಕೊಂಡು ನಾಲ್ಕು ಕಡೆ ಹೋದ. ಮೂರು ಕಡೆಯಿಂದ ಉತ್ತರವಿಲ್ಲ. ನಾಲ್ಕನೆಯ ಕಡೆ ಅದೇ ಹಳೆಯ ಪ್ರಶ್ನೆ ಬಂತು: “ಇದರಲ್ಲಿ ನಿಮ್ಮದು ಯಾವುದು?”

“ಎಲ್ಲಾ ನಂದs ಐತ್ರಿ ಸರ್” ಎಂದನಂತೆ.

ಮೂರು ತಿಂಗಳ ಪರೀಕ್ಷಾವಧಿಗೆ ತೆಗೆದುಕೊಂಡರು. ಪತ್ರವನ್ನು ಕೇಳಿಯೇ ಪಡೆದ. ಕಳೆದ ವಾರ ಅವನ ತಾಯಿ ಗೋಕಾಕದ ಸಂತೆಗೆ ಬಂದವರು ನಮ್ಮ ಮನೆಗೂ ಬಂದು ಜಗಲಿಯಲ್ಲಿ ಕುಳಿತರು. ಅವರ ಕೈಗಳಲ್ಲಿ ಇನ್ನೂ ಗಾಜಿನ ಬಳೆಗಳೇ ಇದ್ದವು.

“ಪಗಾರ ತಿಂಗಳಾ ತಿಂಗಳಾ ಬರ್ತೈತೇನ್ರಿ ಸರ?” ಎಂದು ಕೇಳಿದರು.

“ಮೂರು ತಿಂಗಳು ಚೆನ್ನಾಗಿ ದುಡಿಯಲಿ ತಾಯಿ, ಮುಂದೆಯೂ ಬರುತ್ತದೆ” ಎಂದೆ. ಅದಕ್ಕಿಂತ ಹೆಚ್ಚಿನ ಭರವಸೆ ಕೊಡುವುದು ಸರಿಯಲ್ಲ. ಅವರು ನಕ್ಕು, ಸೆರಗಿನಲ್ಲಿ ಕಟ್ಟಿ ತಂದಿದ್ದ ಶೇಂಗಾವನ್ನು ನಮ್ಮ ಮೊರಕ್ಕೆ ಸುರಿದು, ಬಸ್ಸಿನ ಹೊತ್ತಾಯಿತೆಂದು ಎದ್ದರು.