ಗಂಧದೆಣ್ಣೆಯಿಂದ ಮಿದುಳಿನವರೆಗೆ

ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೊಸ ಹೊಸ ಸಂಶೋಧನಾ ಕ್ಷೇತ್ರಗಳು ಚಿಗುರಿದ ಬಗೆ

ಕಿಟಕಿಯಲ್ಲಿ ಕಣಜ ಗೂಡು ಕಟ್ಟಿದರೆ ನಾವೆಲ್ಲ ಪೊರಕೆ ಹುಡುಕುತ್ತೇವೆ. 1970ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದ ರಾಘವೇಂದ್ರ ಗದಗ್‌ಕರ್ ಹುಡುಕಿದ್ದು ನೋಟ್‌ಬುಕ್. ಅವರ ವಿಷಯ ಆಣ್ವಿಕ ಜೀವಶಾಸ್ತ್ರ. ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯಾವನ್ನು ಮುತ್ತುವ ವೈರಸ್‌ಗಳ ಕೆಲಸ, ಬಿಡುವು ಸಿಕ್ಕಾಗ ಕಿಟಕಿಯ ಗೂಡಿನ ಕಾವಲು. ಯಾವ ಕಣಜ ಆಹಾರ ತಂದಿತು, ಯಾವುದು ಸುಮ್ಮನೆ ಕೂತಿದೆ, ಯಾವುದು ಯಾವುದನ್ನು ಗದರಿತು ಎಂದು ಬರೆದಿಡುವುದು. ಮೈಮೇಲೆ ಬಣ್ಣದ ಚುಕ್ಕೆ ಇಟ್ಟರೆ ಒಂದೊಂದೂ ಬೇರೆ ಬೇರೆ ವ್ಯಕ್ತಿಯೇ. ಈ ಜಾತಿಯ ರಾಣಿ ಬಲು ಸಾಧು ಪ್ರಾಣಿ. ಅದನ್ನು ಗೂಡಿನಿಂದ ತೆಗೆದರೆ ಮಾತ್ರ ಕೆಲಸಗಾರ ಕಣಜಗಳಲ್ಲೊಂದು ಇದ್ದಕ್ಕಿದ್ದಂತೆ ಉಗ್ರವಾಗುತ್ತದೆ, ಮುಂದೆ ಅದೇ ರಾಣಿಯಾಗುತ್ತದೆ. ಪಿಎಚ್.ಡಿ. ಮುಗಿದ ಮೇಲೆ ಗದಗ್‌ಕರ್ ವೈರಸ್ ಬಿಟ್ಟು ಕಣಜ ಹಿಡಿದರು. ಹವ್ಯಾಸವೇ ಜೀವಮಾನದ ಕೆಲಸವಾಯಿತು.

ಒಂದು ವಿಷಯದಲ್ಲಿ ಪದವಿ, ಇನ್ನೊಂದರಲ್ಲಿ ಸಂಶೋಧನೆ ಎಂದರೆ ನಮ್ಮ ಬಹುಪಾಲು ವಿಶ್ವವಿದ್ಯಾಲಯಗಳ ನೇಮಕಾತಿ ಸಮಿತಿ ಅರ್ಜಿಯನ್ನು ಬದಿಗಿಡುತ್ತದೆ. ಇಲ್ಲಿ ಅವರಿಗೆ ಜಾಗ ಸಿಕ್ಕಿತು. 1983ರಲ್ಲಿ ಇಂಥ ಕೆಲಸಕ್ಕೆ ಪರಿಸರ ವಿಜ್ಞಾನ ಕೇಂದ್ರವೂ ಶುರುವಾಯಿತು. ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎನ್ನುವ ಈ ಸಂಸ್ಥೆಯಲ್ಲಿ ಹೊಸ ವಿಷಯಗಳು ಹೆಚ್ಚಾಗಿ ಬೆಳೆದಿರುವುದು ಹೀಗೆಯೇ. ಯಾರೋ ಒಬ್ಬರು ತಮ್ಮ ವಿಭಾಗಕ್ಕೆ ಸೇರದ ಪ್ರಶ್ನೆಯನ್ನು ಕೈಗೆತ್ತಿಕೊಂಡರು, ಸಂಸ್ಥೆ ಅಡ್ಡ ಬರಲಿಲ್ಲ. ಪ್ರಶ್ನೆಯೂ ಎಷ್ಟೋ ಸಲ ದೂರದ್ದಲ್ಲ, ನಮ್ಮ ಅಕ್ಕಪಕ್ಕದ ತಾಲ್ಲೂಕಿನದೇ.

ಮೈಸೂರು ಸಂಸ್ಥಾನ ಕೊಟ್ಟ 371 ಎಕರೆಯಲ್ಲಿ, 1909ರಲ್ಲಿ ಹುಟ್ಟಿದ ಈ ಸಂಸ್ಥೆ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡದ್ದು 1911ರಲ್ಲಿ. ಆಗ ಇದ್ದದ್ದು ರಸಾಯನಶಾಸ್ತ್ರ ಮತ್ತು ವಿದ್ಯುತ್ ತಂತ್ರಜ್ಞಾನ, ಅಷ್ಟೇ. ಮೂರು ವರ್ಷಕ್ಕೆ ಮೊದಲ ಮಹಾಯುದ್ಧ ಬಂತು. ಮೈಸೂರಿನ ಶ್ರೀಗಂಧದ ತುಂಡುಗಳು ಯುರೋಪಿಗೆ, ಅದರಲ್ಲೂ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದ ಕಾಲ ಅದು. ಹಡಗು ನಿಂತಿತು, ಗಂಧ ಗೋದಾಮಿನಲ್ಲಿ ಕೂತಿತು. ಸರ್ಕಾರ ಸಂಸ್ಥೆಯ ಬಾಗಿಲು ತಟ್ಟಿತು. ರಸಾಯನ ವಿಜ್ಞಾನಿಗಳಾದ ಸಡ್‌ಬರೊ ಮತ್ತು ವಾಟ್ಸನ್ ಎಣ್ಣೆ ಬಟ್ಟಿ ಇಳಿಸುವ ವಿಧಾನವನ್ನು ರೂಢಿಗೆ ತಂದರು. 1916ರ ಹೊತ್ತಿಗೆ ಗಂಧದೆಣ್ಣೆಯ ಕಾರ್ಖಾನೆ ಎದ್ದಿತು. ಮೈಸೂರು ಸ್ಯಾಂಡಲ್ ಸೋಪು ಅದರ ಕೂಸು. ‘ಕೈಗಾರಿಕೆಗೂ ವಿಶ್ವವಿದ್ಯಾಲಯಕ್ಕೂ ನಂಟು ಬೇಕು’ ಎಂಬ ಭಾಷಣಗಳಿಗೆ ಬೇರೆ ಉದಾಹರಣೆ ಬೇಕಿಲ್ಲ.

ಆಮೇಲಿನದನ್ನು ಬೇಗ ಹೇಳಿಬಿಡಬಹುದು. 1933ರಲ್ಲಿ ಸಿ.ವಿ. ರಾಮನ್ ನಿರ್ದೇಶಕರಾಗಿ ಬಂದರು, ಜೊತೆಗೆ ಭೌತಶಾಸ್ತ್ರ ವಿಭಾಗ ಬಂತು. ಎರಡನೇ ಮಹಾಯುದ್ಧದ ನಡುವೆ, ಊರಿನ ಆಚೆ ತುದಿಯಲ್ಲಿ ಹಿಂದೂಸ್ತಾನ್ ವಿಮಾನ ಕಾರ್ಖಾನೆ ತಲೆಯೆತ್ತಿದ್ದಾಗ, 1942ರಲ್ಲಿ ವಿಮಾನ ಎಂಜಿನಿಯರಿಂಗ್ ಶುರುವಾಯಿತು. 1958ರಲ್ಲಿ ಸಂಸ್ಥೆಗೆ ವಿಶ್ವವಿದ್ಯಾಲಯದ ಸ್ಥಾನ ಸಿಕ್ಕಿತು.

ನಿಜವಾದ ಸುಗ್ಗಿ ಸತೀಶ್ ಧವನ್ ಕಾಲದ್ದು. 1962ರಿಂದ 1981ರವರೆಗೆ ಅವರು ನಿರ್ದೇಶಕರು. ಅದರ ನಡುವೆಯೇ, 1972ರಿಂದ, ಇಸ್ರೊ ಹೊಣೆಯೂ ಹೆಗಲಿಗೆ. ಮದ್ರಾಸಿನಿಂದ ಜಿ.ಎನ್. ರಾಮಚಂದ್ರನ್ ಬಂದು ಆಣ್ವಿಕ ಜೈವಿಕ ಭೌತಶಾಸ್ತ್ರದ ಘಟಕ ಕಟ್ಟಿದರು. ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಮುಂದಾಳತ್ವದಲ್ಲಿ 1972ರಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ತೆರೆಯಿತು. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ, ಮುಂಗಾರಿನ ಗಣಿತ ಹಿಡಿದ ಸುಲೋಚನಾ ಗಾಡ್ಗೀಳ ಇಬ್ಬರೂ ಮೊದಲು ನೆಲೆ ಕಂಡದ್ದು ಅಲ್ಲೇ. ಗದಗ್‌ಕರ್ ಕಣಜಗಳೊಂದಿಗೆ ಮೊದಲು ಹೋಗಿ ಸೇರಿಕೊಂಡದ್ದೂ ಆ ಕೇಂದ್ರಕ್ಕೇ. ಹೆಸರು ‘ಸೈದ್ಧಾಂತಿಕ’, ಒಳಗೆ ಕಾಡು, ಮಳೆ, ಹುಳು!

ಆದರೆ ನನ್ನ ಮಟ್ಟಿಗೆ ಆ ದಶಕದ ದೊಡ್ಡ ಸಾಹಸ ‘ಅಸ್ತ್ರ’. ಅಮೂಲ್ಯ ರೆಡ್ಡಿ ವಿದ್ಯುತ್ ರಸಾಯನಶಾಸ್ತ್ರದ ಪ್ರಾಧ್ಯಾಪಕರು. ಜಗತ್ತಿನ ವಿದ್ಯಾರ್ಥಿಗಳು ಓದುವ ಪಠ್ಯಪುಸ್ತಕದ ಸಹಲೇಖಕರು. ಅದೇ ದಾರಿಯಲ್ಲಿ ಹೋಗಿದ್ದರೆ ಬೇಕಾದಷ್ಟು ಮನ್ನಣೆಯಿತ್ತು. ಅವರು 1974ರಲ್ಲಿ ಗ್ರಾಮೀಣ ಪ್ರದೇಶಕ್ಕೆ ವಿಜ್ಞಾನ ತಂತ್ರಜ್ಞಾನ ಒಯ್ಯುವ ಈ ಗುಂಪು ಕಟ್ಟಿ, ತುಮಕೂರು ಜಿಲ್ಲೆಯ ಉಂಗ್ರದಲ್ಲಿ ಕೇಂದ್ರ ತೆರೆದರು. ಹಳ್ಳಿಯಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮನೆಮನೆಯ ಲೆಕ್ಕ ಹಾಕಿದಾಗ ಎದ್ದು ಕಂಡದ್ದು ಸೌದೆ, ಮತ್ತು ಅದನ್ನು ಹೊತ್ತು ತರುವ ಹೆಂಗಸರ ದುಡಿಮೆ.

ಹಾಗೆ ಬಂದದ್ದು ಅಸ್ತ್ರ ಒಲೆ. ಮೂರು ಪಾತ್ರೆ ಕೂರುವ ಮುಚ್ಚಿದ ಮಣ್ಣಿನ ಒಲೆ. ಸೌದೆಯ ಕೆಳಗೆ ಗಾಳಿಯಾಡಲು ಜಾಲರಿ, ಹೊಗೆ ಸೂರಿನಾಚೆ ಹೋಗಲು ಕೊಳವೆ. ನೋಡಲು ಏನೂ ಅಲ್ಲ. ಆದರೆ ಉರಿ ಎಷ್ಟು ಎತ್ತರ ಏಳಬೇಕು, ಎರಡನೆಯ ಪಾತ್ರೆಗೆ ಎಷ್ಟು ಶಾಖ ಮುಟ್ಟಬೇಕು ಎಂಬುದೆಲ್ಲ ಅಳತೆಯ ಕೆಲಸ. ಸುಡದ, ಒತ್ತಿದ ಮಣ್ಣಿನ ಇಟ್ಟಿಗೆಯನ್ನು ಬಳಕೆಗೆ ತಂದದ್ದೂ ಇದೇ ಬಳಗ. ಹಳ್ಳಿಗರಿಗಾಗಿ ಮಾಡಿದ ಆ ಇಟ್ಟಿಗೆ ಕೊನೆಗೆ ಬೆಂಗಳೂರಿನ ಪರಿಸರಪ್ರಿಯ ಶ್ರೀಮಂತರ ಬಂಗಲೆಗಳ ಶೋಭೆಯಾಯಿತು, ಇರಲಿ.

ಪುರ ಎಂಬ ಹಳ್ಳಿಯಲ್ಲಿ ಇವರು ಕಲಿತದ್ದು ಇನ್ನೂ ಹೆಚ್ಚು. ಊರಿನ ಸಗಣಿಯೆಲ್ಲ ಸೇರಿಸಿ ಮನೆಮನೆಗೆ ಅಡುಗೆ ಅನಿಲ ಕೊಡುವುದು ಮೊದಲ ಯೋಚನೆ. ಅಷ್ಟು ಅನಿಲ ಹುಟ್ಟಲಿಲ್ಲ, ಯೋಜನೆ ಬಿತ್ತು. ಊರವರಿಗೆ ನಿಜಕ್ಕೂ ಬೇಕಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ತೂಕದ ಲೆಕ್ಕದಲ್ಲಿ ಕಾಸು, ಹೊಲಕ್ಕೆ ಗೊಬ್ಬರವೂ ವಾಪಸು. ತೊಂಬತ್ತರ ದಶಕದವರೆಗೂ ಇದು ನಡೆಯಿತು.

ಪಾವಗಡ, ಅನಂತಪುರದ ಕಡಲೆಕಾಯಿ ಬೆಳೆಗಾರನ ಪ್ರಶ್ನೆ ಇನ್ನೊಂದು ಬಗೆಯದು: ಬಿತ್ತುವುದು ಯಾವಾಗ? ಮಳೆ ಬಂತೆಂದು ಬಿತ್ತಿ, ಹೂ ಬಿಟ್ಟು ಕಾಯಿ ಕಟ್ಟುವಾಗ ಮೋಡ ಕೈಕೊಟ್ಟರೆ ವರ್ಷದ ದುಡಿಮೆ ಹೋಯಿತು. ಸುಲೋಚನಾ ಗಾಡ್ಗೀಳರು, ಪಾವಗಡದ ರೈತ-ಸಂಶೋಧಕ ಪಿ.ಆರ್. ಶೇಷಗಿರಿ ರಾವ್ ಮತ್ತಿತರರು ಹಲವು ದಶಕಗಳ ಮಳೆ ಲೆಕ್ಕವನ್ನು ಬೆಳೆಯ ಗಣಿತ ಮಾದರಿಗೆ ಹೊಂದಿಸಿ, ಯಾವ ದಿನಗಳ ನಡುವೆ ಬಿತ್ತಿದರೆ ನಷ್ಟದ ಭಯ ಕಡಿಮೆ ಎಂದು ನೋಡಿದರು. ಪ್ರಶ್ನೆ ರೈತನದು, ಉತ್ತರಕ್ಕೆ ಬೇಕಾದದ್ದು ಮುಂಗಾರಿನ ಗಣಿತ, ಕೃಷಿ, ಸಂಖ್ಯಾಶಾಸ್ತ್ರ. ಇದಕ್ಕೆ ‘ಅಂತರಶಿಸ್ತೀಯ’ ಎಂದು ಹೆಸರಿಟ್ಟು ವಿಚಾರ ಸಂಕಿರಣ ಮಾಡುವುದು ಸುಲಭ. ರೈತನನ್ನು ಸಹಲೇಖಕನಾಗಿ ಕೂರಿಸುವುದು ಅಷ್ಟು ಸುಲಭವಲ್ಲ.

ಈಗಿನ ಬೆಳವಣಿಗೆಯ ಗಾತ್ರವೇ ಬೇರೆ. 2010ರಲ್ಲಿ ನ್ಯಾನೊ ವಿಜ್ಞಾನ ಕೇಂದ್ರ. 2011ರಿಂದ ನಾಲ್ಕು ವರ್ಷದ ಪದವಿ, ಅದರಲ್ಲಿ ವಿಜ್ಞಾನದ ಮಕ್ಕಳು ಎಂಜಿನಿಯರಿಂಗನ್ನೂ ಮಾನವಿಕ ವಿಷಯಗಳನ್ನೂ ಓದಬೇಕು. 2022ರಲ್ಲಿ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು 425 ಕೋಟಿ ರೂಪಾಯಿ ಕೊಡುಗೆ ಘೋಷಿಸಿದರು. ಅದರಿಂದ 800 ಹಾಸಿಗೆಯ ಆಸ್ಪತ್ರೆಯೊಂದಿಗೆ ವೈದ್ಯಶಿಕ್ಷಣವೂ ಕ್ಯಾಂಪಸ್ಸಿಗೆ ಬರುವಂತಾಯಿತು. ನನ್ನನ್ನು ಹೆಚ್ಚು ಸೆಳೆಯುವುದು ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಹಿಡಿದಿರುವ ಕೆಲಸ. 45 ದಾಟಿದ 10,000 ಹಳ್ಳಿಗರನ್ನು ವರ್ಷಗಟ್ಟಲೆ ಗಮನಿಸಿ, ಮರೆವಿನ ಕಾಯಿಲೆ ಹೇಗೆ ಹತ್ತಿರ ಬರುತ್ತದೆಂದು ತಿಳಿಯುವ ಗುರಿ. ಓದುಬರಹ ಬಾರದ ಅಜ್ಜಿಯ ನೆನಪನ್ನು ಇಂಗ್ಲಿಷ್ ಪ್ರಶ್ನಾವಳಿಯಿಂದ ಅಳೆಯಲಾಗದು. ಅಲ್ಲಿ ನರವಿಜ್ಞಾನಿಗೆ ಭಾಷೆ ಗೊತ್ತಿರುವವರು ಬೇಕೇ ಬೇಕು.

ಎಲ್ಲವೂ ಹೊಗಳಿಕೆಗೆ ಅರ್ಹವಲ್ಲ. ಚಳ್ಳಕೆರೆಯ ಬಳಿ ಸಂಸ್ಥೆಗೆ ಸಿಕ್ಕ ಸುಮಾರು 1,500 ಎಕರೆ ಅಮೃತಮಹಲ್ ಕಾವಲಿನ ಹುಲ್ಲುಗಾವಲು. ಕುರಿಗಾಹಿಗಳು ಪ್ರತಿಭಟಿಸಿದರು, ವಿವಾದ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಅಲ್ಲೀಗ ಶಾಲಾ ಕಾಲೇಜು ಶಿಕ್ಷಕರಿಗೆ ಒಳ್ಳೆಯ ತರಬೇತಿ ನಡೆಯುತ್ತದೆ, ನಿಜ. ಆದರೂ ದೇಶಕ್ಕೆ ಪರಿಸರ ವಿಜ್ಞಾನ ಕಲಿಸಿದ ಸಂಸ್ಥೆ ಹುಲ್ಲುಗಾವಲನ್ನು ಖಾಲಿ ಜಾಗವೆಂದು ಒಪ್ಪಿಕೊಳ್ಳಬಾರದಿತ್ತು.

ಇಷ್ಟೆಲ್ಲ ಹಣ, ಕೀರ್ತಿ ಒಂದೇ ಅಂಗಳದಲ್ಲಿ ಸೇರಿದ್ದರ ಬಗ್ಗೆಯೂ ಮಾತಾಡಬೇಕು. ದೊಡ್ಡ ಕೆಲಸ ಬೇರೆ ಅಂಗಳಗಳಲ್ಲೂ ಆಗಿದೆ. ಈ ಸಂಸ್ಥೆ ಹುಟ್ಟಿದ 1909ರಲ್ಲೇ ಮೈಸೂರಿನ ಪ್ರಾಚ್ಯ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು ಓಲೆಗರಿಯಲ್ಲಿದ್ದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚಿಗೆ ತಂದರು. ಭಾರತದ ಪ್ರಾಚೀನ ರಾಜ್ಯಶಾಸ್ತ್ರದ ಓದೇ ಅಲ್ಲಿಂದ ಬದಲಾಯಿತು. ಆ ಗ್ರಂಥಾಲಯ ಇಂದು ಮೈಸೂರು ವಿಶ್ವವಿದ್ಯಾಲಯದ್ದು. ಆದರೆ ನಮ್ಮ ರಾಜ್ಯದ ಇಂಥ ವಿಶ್ವವಿದ್ಯಾಲಯಗಳಲ್ಲಿ ಇಂದು ಕಾಯಂ ಹುದ್ದೆಗಳು ವರ್ಷಗಟ್ಟಲೆ ಖಾಲಿ, ತರಗತಿ ನಡೆಯುವುದು ಅತಿಥಿ ಉಪನ್ಯಾಸಕರಿಂದ. ಮುಂದಿನ ವರ್ಷ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ತಿಳಿಯದವರು ಹತ್ತು ವರ್ಷದ ಪ್ರಶ್ನೆಯನ್ನು ಹೇಗೆ ಕೈಗೆತ್ತಿಕೊಳ್ಳಬೇಕು? ಧಾರವಾಡ, ಕಲಬುರಗಿ, ಮೈಸೂರಿನ ಸುತ್ತಲ ಹಳ್ಳಿಗಳಲ್ಲೂ ಉಂಗ್ರ, ಪಾವಗಡದಂಥ ಪ್ರಶ್ನೆಗಳು ಬೇಕಾದಷ್ಟಿವೆ. ಜಿಲ್ಲೆಗೊಂದು ಹೊಸ ವಿಶ್ವವಿದ್ಯಾಲಯದ ಫಲಕ ಹಾಕುವ ಮೊದಲು ಸರ್ಕಾರ ಇರುವ ವಿಶ್ವವಿದ್ಯಾಲಯಗಳ ಖಾಲಿ ಹುದ್ದೆಗಳನ್ನು ತುಂಬಲಿ.