ಕೀಬೋರ್ಡಲ್ಲಿ ಇಲ್ಲದ ≠ ಎಲ್ಲಿಂದ ಬರುತ್ತೆ?

ಗಣಿತದ ಪ್ರಶ್ನೆಪತ್ರಿಕೆ ಟೈಪ್ ಮಾಡ್ತಿದ್ದೀರಿ. ‘ಸಮವಲ್ಲ’ ಚಿಹ್ನೆ ಬೇಕು. ಕೀಬೋರ್ಡೆಲ್ಲ ತಡಕಾಡಿದ್ರೂ ಸಿಗಲ್ಲ. ಹಾಗಾದ್ರೆ ಹೀಗೆ ಮಾಡಿ.

ವಿಂಡೋಸ್‌ನಲ್ಲಿ ಮೈಕ್ರೋಸಾಫ್ಟ್ ವರ್ಡ್ ತೆರೀರಿ. 2260 ಅಂತ ಟೈಪ್ ಮಾಡಿ, ಆಲ್ಟ್ ಮತ್ತು ಎಕ್ಸ್ ಒಟ್ಟಿಗೆ ಒತ್ತಿ. ಬಂತು ನೋಡಿ, ≠! 2264 ಕೊಟ್ರೆ ≤. 2211 ಕೊಟ್ರೆ ∑. ಮ್ಯಾಕ್ ಇದ್ಯಾ? ಆಪ್ಷನ್ ಜೊತೆ ‘ವಿ’ ಒತ್ತಿ, √ ರೆಡಿ.

ಏನಿದು 2260? ಯುನಿಕೋಡ್ ಅನ್ನೋ ಜಾಗತಿಕ ಮಾನದಂಡ ಆ ಚಿಹ್ನೆಗೆ ಕೊಟ್ಟಿರೋ ಸಂಖ್ಯೆ. ಜಗತ್ತಿನ ಯಾವ ಕಂಪ್ಯೂಟರ್‌ಗೆ ಹೋದ್ರೂ ಅದೇ.

ಹಿಂದೆ ಹೀಗಿರಲಿಲ್ಲ. ‘ಸಿಂಬಲ್’ ಅನ್ನೋ ಫಾಂಟ್‌ನಲ್ಲಿ ಇಂಗ್ಲಿಷಿನ ಎಸ್ ಒತ್ತಿದ್ರೆ ಗ್ರೀಕ್ ಸಿಗ್ಮಾ ಕಾಣ್ತಿತ್ತು. ಆ ಫಾಂಟ್ ಇಲ್ಲದ ಕಡೆ ಬರೀ ಎಸ್! ನುಡಿ, ಬರಹದ ಹಳೆ ಫಾಂಟ್‌ಗಳಲ್ಲಿ ಟೈಪಿಸಿದ ಕನ್ನಡಕ್ಕೂ ಇದೇ ಗತಿ ಆಗಿತ್ತಲ್ಲ? ಈಗ ಗಣಿತದ ಚಿಹ್ನೆಗಳೂ ಕನ್ನಡವೂ ಯುನಿಕೋಡ್‌ನಲ್ಲಿವೆ. ಯುನಿಕೋಡ್ ಅಕ್ಷರಗಳನ್ನ ಉಳಿಸೋ ಯುಟಿಎಫ್-8 ವಿಧಾನದಲ್ಲಿ ∑ ಉಳಿಸೋಕೆ 3 ಬೈಟ್, ನಮ್ಮ ‘ಕ’ಗೂ 3 ಬೈಟ್.

ಆದ್ರೆ ಹುಷಾರು! ನೋಡೋಕೆ ಒಂದೇ ಥರ ಇದ್ರೂ ಕೋಡ್ ಬೇರೆ ಇರಬಹುದು. ಕೀಬೋರ್ಡಿನ ಅಡ್ಡಗೆರೆ ಹೈಫನ್. ಗಣಿತದ ನಿಜವಾದ ಮೈನಸ್ ಚಿಹ್ನೆಯ ಕೋಡ್ 2212. ಮುದ್ರಣದಲ್ಲಿ ಅದೇ ಚಂದ. ಪೈಥಾನ್ ಪ್ರೋಗ್ರಾಮಿಗೆ ಅದನ್ನ ಅಂಟಿಸಿದ್ರೆ ಮಾತ್ರ ಎರರ್ ಗ್ಯಾರಂಟಿ.

ಭಿನ್ನರಾಶಿ, ವರ್ಗಮೂಲ ಸೇರಿದ ದೊಡ್ಡ ಸೂತ್ರ ಬರೀಬೇಕಾ? ಬಿಡಿ ಚಿಹ್ನೆ ಸಾಲಲ್ಲ. ವರ್ಡ್‌ನಲ್ಲಿ ಆಲ್ಟ್ ಜೊತೆ = ಒತ್ತಿ, ಸೂತ್ರದ ಪೆಟ್ಟಿಗೆ ತೆರೆಯುತ್ತೆ. ಪುಸ್ತಕವನ್ನೇ ಬರೀತೀರಾದ್ರೆ ಲೇಟೆಕ್ ಅನ್ನೋ ತಂತ್ರಾಂಶ ಕಲೀರಿ.

ನಿಮಗೆ ಸಿಗದೇ ಸತಾಯಿಸ್ತಿರೋ ಚಿಹ್ನೆ ಯಾವುದು? ಕಮೆಂಟ್ ಮಾಡಿ!