ಕೈರುಚಿ ಇರುವುದು ಎಲ್ಲಿ?

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಮಂದಿ ಬೆಂಗಳೂರಿಗೋ ಪುಣೆಗೋ ಹೋಗಿ ನೆಲೆಸಿದ ಮೇಲೆ ತಪ್ಪದೆ ಆಡುವ ಮಾತೊಂದಿದೆ: ಜೋಳ ಊರಿಂದಲೇ ಬಂದಿದೆ, ಖಾರವೂ ಊರಿನದೇ, ಆದರೂ ಅವ್ವ ಬಡಿದ ರೊಟ್ಟಿಯ ರುಚಿ ಬರಲೊಲ್ಲದು. ಇದು ಊರ ಹಂಬಲವೇ ಹೊರತು ಬೇರೇನೂ ಅಲ್ಲ ಎನ್ನುವವರಿದ್ದಾರೆ. ಹದ ಮತ್ತು ಅಳತೆ ಸರಿಯಿದ್ದರೆ ರುಚಿ ತಾನಾಗಿ ಬರುತ್ತದೆ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಅರ್ಧ ಸತ್ಯ ಎಂದು ನನಗನಿಸುತ್ತದೆ. ಕೈರುಚಿ ಎಂಬುದು ನಿಜವಾಗಿಯೂ ಇದೆ. ಅದರ ಅರ್ಧ ಹಂಚಿನ ಮೇಲೆ ಹುಟ್ಟುತ್ತದೆ, ಉಳಿದರ್ಧ ಉಣ್ಣುವವರ ಮಿದುಳಿನಲ್ಲಿ. ಎರಡನ್ನೂ ಬೆಸೆಯುವುದು ಮೂಗು.

ಮೊದಲು ಹಂಚಿನ ಸಂಗತಿ. ಗೋದಿಯಲ್ಲಿರುವ ಗ್ಲುಟೆನ್ ಜೋಳದಲ್ಲಿಲ್ಲ, ಹಾಗಾಗಿ ತಣ್ಣೀರಲ್ಲಿ ಕಲಸಿದ ಜೋಳದ ಹಿಟ್ಟು ಬಡಿಯುವಾಗ ಬಿರಿದುಹೋಗುತ್ತದೆ. ಎಸರು ಹಾಕಿ ನಾದುವುದು ಇದಕ್ಕಾಗಿಯೇ. ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಜೋಳದ ಪಿಷ್ಟ ನೀರು ಕುಡಿದು ಅಂಟಾಗುತ್ತದೆ, ಗ್ಲುಟೆನ್ ಮಾಡಬೇಕಾದ ಕೆಲಸವನ್ನು ಆ ಅಂಟು ಮಾಡುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲ್ಮೈಗೆ ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ. ಒಳಗಿನ ತೇವ ಆವಿಯಾಗಿ ರೊಟ್ಟಿ ಉಬ್ಬುತ್ತದೆ. ತೇವ ಇರುವಷ್ಟು ಹೊತ್ತು ಆ ಜಾಗದ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ನೀರು ಆರಿದ ಕಡೆ ಮಾತ್ರ ಬಿಸಿ 140 ಡಿಗ್ರಿಯ ಮೇಲೇರಿ ಸಕ್ಕರೆ ಅಂಶಗಳೂ ಅಮೈನೋ ಆಮ್ಲಗಳೂ ಕೂಡಿ ಕಂದು ಚುಕ್ಕೆ ಮೂಡುತ್ತದೆ, ನೂರಾರು ಬಗೆಯ ವಾಸನೆಯ ಕಣಗಳು ಏಳುತ್ತವೆ. ಫ್ರಾನ್ಸಿನ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಓವನ್ನಿನಲ್ಲಿ ಬೆಂದ ಬ್ರೆಡ್ಡಿನ ಹೊರಪದರಕ್ಕೂ ಇದೇ ಪರಿಮಳ ಕೊಡುತ್ತದೆ. ಬ್ರೆಡ್ಡಿನ ಆ ಪರಿಮಳದ ಮುಖ್ಯ ಕಣವೊಂದು ನೂರು ಕೋಟಿ ಭಾಗ ನೀರಿನಲ್ಲಿ ಒಂದು ಭಾಗದ ಹತ್ತನೇ ಒಂದರಷ್ಟಿದ್ದರೂ ಮನುಷ್ಯರ ಮೂಗು ಹಿಡಿಯಬಲ್ಲದು. ಹಾಗಿದ್ದ ಮೇಲೆ ಎಸರಿನ ಬಿಸಿ, ಬಡಿತದ ತೆಳುವು, ನೀರು ಸವರಿದ ಪ್ರಮಾಣ, ಮಗುಚುವುದಕ್ಕೆ ತೆಗೆದುಕೊಂಡ ನಾಲ್ಕು ಕ್ಷಣ, ಇವೆಲ್ಲ ರೊಟ್ಟಿಯ ವಾಸನೆಯನ್ನು ಬದಲಿಸಿಯೇ ಬದಲಿಸುತ್ತವೆ. ಹಿಟ್ಟಿನ ವಯಸ್ಸೂ ಲೆಕ್ಕಕ್ಕೆ ಬರುತ್ತದೆ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯಿದೆ. ಗಿರಣಿಯಿಂದ ಬಂದು ದಿನ ಕಳೆದಂತೆ ಅದು ಗಾಳಿಗೆ ಕೆಟ್ಟು ಹಿಟ್ಟು ಕಹಿಯಾಗುತ್ತದೆ. ಪೇಟೆಯ ಪ್ಯಾಕೆಟ್ ಹಿಟ್ಟು ಊರಿನ ಹಿಟ್ಟಿನಂತಿಲ್ಲ ಎಂಬ ದೂರಿಗೆ ಹೀಗೊಂದು ಆಧಾರವಿದೆ.

ಇನ್ನು ಖಾರ. 2011ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಸರು ನಿಂತಿರುವುದು ಕಡುಗೆಂಪು ಬಣ್ಣ ಮತ್ತು ಕಡಿಮೆ ಖಾರದ ಮೇಲೆ. ಬಣ್ಣ ಮುಖ್ಯವಾಗಿ ಕ್ಯಾಪ್ಸಾಂತಿನ್ ಎಂಬ ವರ್ಣದ್ರವ್ಯದ್ದು. ಖಾರ ಕ್ಯಾಪ್ಸೈಸಿನ್‌ನದು, ಅದು ರುಚಿಯೂ ಅಲ್ಲ, ವಾಸನೆಯೂ ಅಲ್ಲ, ಉರಿ. ಸುಮಾರು 43 ಡಿಗ್ರಿ ಬಿಸಿಗೆ ತೆರೆದುಕೊಳ್ಳುವ ನರದ ಗ್ರಾಹಕವನ್ನೇ ಕ್ಯಾಪ್ಸೈಸಿನ್ ಸಹ ತೆರೆಯುತ್ತದೆ ಎಂದು ತೋರಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರ ನೊಬೆಲ್ ಸಂದಿತು. ಮೆಣಸಿನಕಾಯಿ ಹುರಿಯುವಾಗ ಮನೆಮಂದಿಯೆಲ್ಲ ಕೆಮ್ಮುವುದು ಈ ಉರಿಗೆ. ಅದೇ ಹೊತ್ತಿಗೆ ಏಳುವ ಘಮ ಬೇರೆ, ಅದು ಮೂಗಿನ ದಾರಿಯದು. ಉರಿ ಕಡಿಮೆಯಿರುವ ಬ್ಯಾಡಗಿ ಕಾಯಿಯಲ್ಲಿ ಆ ಘಮಕ್ಕೆ ಗಮನ ಕೊಡಲು ಬಿಡುವು ಸಿಗುತ್ತದೆ ಎಂಬುದು ನನ್ನ ಅಭಿಪ್ರಾಯ. ಮೂಗು ಗಟ್ಟಿಯಾಗಿ ಹಿಡಿದು ರೊಟ್ಟಿ-ಖಾರದ ಒಂದು ತುತ್ತು ಅಗಿದು ನೋಡಿ: ಉಪ್ಪು, ಉರಿ ಉಳಿಯುತ್ತವೆ. ಮೂಗು ಬಿಟ್ಟ ಕೂಡಲೇ ಜೋಳ ಜೋಳವಾಗುತ್ತದೆ, ಏಕೆಂದರೆ ಅಗಿಯುವಾಗ ಗಂಟಲ ಹಿಂದಿನಿಂದ ಮೂಗಿಗೇರುವ ವಾಸನೆಯೇ ನಾವು ರುಚಿ ಎನ್ನುವುದರ ಬಹುಪಾಲು.

ಈ ವಾಸನೆ ಮಿದುಳು ಸೇರುವ ದಾರಿಯೂ ಬೇರೆ. ನೋಟ, ಸದ್ದುಗಳು ಥಲಾಮಸ್ ಎಂಬ ಕೇಂದ್ರವನ್ನು ಹಾಯ್ದು ಮುಂದೆ ಹೋಗುತ್ತವೆ. ವಾಸನೆ ಅಲ್ಲಿ ನಿಲ್ಲದೆ ಭಾವನೆ ಮತ್ತು ನೆನಪಿಗೆ ಸಂಬಂಧಿಸಿದ ಅಮಿಗ್ಡಲಾ, ಹಿಪೊಕ್ಯಾಂಪಸ್‌ಗಳ ಬಳಿಗೆ ನೇರ ಸಾಗುತ್ತದೆ. ಸ್ವೀಡನ್ನಿನ ಯೋಹಾನ್ ವಿಲಾಂಡರ್ ಮತ್ತು ಮರಿಯಾ ಲಾರ್ಸನ್ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಯಸ್ಸಾದವರಿಗೆ ಪದ, ಚಿತ್ರ, ವಾಸನೆಗಳನ್ನು ಕೊಟ್ಟು ನೆನಪುಗಳನ್ನು ಕೇಳಲಾಯಿತು. ಪದ ಮತ್ತು ಚಿತ್ರಗಳಿಗೆ ಬಂದ ನೆನಪುಗಳು ಹೆಚ್ಚಾಗಿ 11ರಿಂದ 20 ವರ್ಷದೊಳಗಿನವು. ವಾಸನೆಗೆ ಬಂದವು ಹೆಚ್ಚಾಗಿ ಹತ್ತು ವರ್ಷಕ್ಕಿಂತ ಮುಂಚಿನವು. ಜೂಲಿ ಮೆನೆಲ್ಲಾ ಅವರ 2001ರ ಪ್ರಯೋಗ ಇನ್ನೂ ಹಿಂದಕ್ಕೆ ಹೋಗುತ್ತದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಇಲ್ಲವೇ ಹಾಲೂಡಿಸುವಾಗ ತಾಯಂದಿರು ಗಜ್ಜರಿಯ ರಸ ಕುಡಿದಿದ್ದರೆ, ಮಕ್ಕಳು ಆ ರುಚಿಯ ಊಟಕ್ಕೆ ಮುಖ ಸಿಂಡರಿಸುವುದು ಕಡಿಮೆಯಿತ್ತು.

ಇಲ್ಲೊಂದು ಗಟ್ಟಿ ಆಕ್ಷೇಪವಿದೆ: ನೆನಪು ಸುಳ್ಳಾಡುವುದಿಲ್ಲವೇ? ಆಡುತ್ತದೆ. ವಾಸನೆ ಎಬ್ಬಿಸುವ ನೆನಪು ಹೆಚ್ಚು ಭಾವ ತುಂಬಿದ್ದು, ಹೆಚ್ಚು ನಿಖರವಾದದ್ದೇನಲ್ಲ ಎಂದು ರೇಚಲ್ ಹರ್ಜ್ ಅವರ ಪ್ರಯೋಗಗಳು ತೋರಿಸಿವೆ. ಆದ್ದರಿಂದ ಹಿಂದಿನ ಕಾಲದ ರೊಟ್ಟಿ ಇಂದಿನದಕ್ಕಿಂತ ಮೇಲು ಎಂದು ನೆನಪಿನ ಬಲದಿಂದ ಸಾಧಿಸಲಾಗದು. ಆದರೆ ಎರಡೂ ಒಂದೇ ಅಲ್ಲ ಎಂಬ ಮೂಗಿನ ಸಾಕ್ಷಿ ಅದರಿಂದ ಬಿದ್ದುಹೋಗುವುದಿಲ್ಲ. ಹಾಗಿದ್ದರೆ ಯಂತ್ರದಲ್ಲಿ ಅದೇ ಹದ, ಅದೇ ಬಿಸಿ ಕೊಟ್ಟರೆ ಸಾಲದೇ ಎಂದೂ ಕೇಳಬಹುದು. ಹಂಚಿನ ಪಾಲಿನ ಅರ್ಧಕ್ಕೆ ಸಾಕು, ಮಿದುಳಿನ ಪಾಲಿಗೆ ಸಾಲದು. ವಾಸನೆಗೆ ತನ್ನದೇ ಅರ್ಥವಿಲ್ಲ, ಮೊದಲು ಎಲ್ಲಿ ಅಂಟಿಕೊಂಡಿತೋ ಅದೇ ಅದರ ಅರ್ಥ. ಯಾಲಕ್ಕಿ ಘಮ ಹಾವೇರಿಯವರಿಗೆ ಊರಿನ ಹೆಸರಾಂತ ಯಾಲಕ್ಕಿ ಹಾರವನ್ನೂ ಸನ್ಮಾನದ ವೇದಿಕೆಯನ್ನೂ ತರಬಹುದು; ಮನೆಯಲ್ಲೇ ಯಾಲಕ್ಕಿ ಬನ್ನು ಬೇಯಿಸುವ ಸ್ವೀಡನ್ನಿನವರಿಗೆ ಅಡುಗೆಮನೆಯನ್ನು ತರುತ್ತದೆ. ಯಂತ್ರದ ರೊಟ್ಟಿ ಉಂಡು ಬೆಳೆದ ಮಗುವಿಗೆ ನಾಳೆ ಅದರದೇ ವಾಸನೆ ಮನೆಯದಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಕಟ್ಟಿ ಮಾರುವ ಕಡಕ್ ರೊಟ್ಟಿಯಲ್ಲಿ ತೇವ ಹೋದಂತೆ, ಹಂಚಿನಿಂದ ಎದ್ದ ಪರಿಮಳದ ಬಹುಪಾಲೂ ಮನೆ ತಲುಪುವ ಮೊದಲೇ ಹೋಗಿರುತ್ತದೆ. ಮಗುವಿಗೆ ಅಂಟಿಕೊಳ್ಳಲು ಉಳಿಯುವುದು ಸ್ವಲ್ಪವೇ.

ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಯವರಲ್ಲಿ ಆದ್ದರಿಂದ ಒಂದು ಬಿನ್ನಹ: ವಾರಕ್ಕೊಮ್ಮೆಯಾದರೂ ಹೊಸದಾಗಿ ಬೀಸಿದ ಹಿಟ್ಟು ತಂದು ರೊಟ್ಟಿ ಬಡಿಯಿರಿ, ಮಕ್ಕಳನ್ನು ಒಲೆಯ ಹತ್ತಿರ ಕೂರಿಸಿಕೊಂಡು ಹಂಚಿನಿಂದ ಇಳಿದ ಬಿಸಿ ರೊಟ್ಟಿಯನ್ನೇ ಬಡಿಸಿ.